‘ಬಿಡು’ ಬಲ್ಲವರಿಗೆ ‘ಟೇಕ್ ಆಫ್’ ಕಷ್ಟವಲ್ಲ

ಉಡುಪಿಯ ಬಸ್ ನಿಲ್ದಾಣದಲ್ಲಿ ‘ಕುಂದಾಪುರದ ಬಸ್ ಬಿಟ್ಟಿತು’ ಎಂದರೆ ಹೊರಟುಹೋಯಿತು ಎಂದರ್ಥ. ‘ಕುಂದಾಪುರಕ್ಕೆ ಹೊಸ ಬಸ್ ಬಿಟ್ಟಿದ್ದಾರೆ’ ಎಂದರೆ ಓಡಾಟ ಶುರುವಾಗಿದೆ ಎಂದರ್ಥ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತೇವೆ, ಶಂಕರಪುರದ ಮಲ್ಲಿಗೆ ಗಿಡ ಮೊಗ್ಗು ಬಿಡುತ್ತದೆ, ಹೊತ್ತು ಏರಿದಾಗ ಮಳೆ ಬಿಡುತ್ತದೆ. ಇದನ್ನೆಲ್ಲ ಕೇಳಿ ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಬಿಟ್ಟದ್ದು ಯಾರು, ಏನನ್ನು ಎಂಬುದನ್ನು ನಮ್ಮ ಕಿವಿ ತಾನಾಗಿಯೇ ಹಿಡಿಯುತ್ತದೆ.

ಇಂಗ್ಲಿಷಿನ ‘ಟೇಕ್ ಆಫ್’ ಕೂಡ ಇದೇ ಜಾತಿಯದು. ನಿಘಂಟಿನಲ್ಲಿರುವ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿದವರು ಮಾತಿನ ಹೊತ್ತಿಗೆ ತಡವರಿಸುತ್ತಾರೆ. ಅದರ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ‘ಏನನ್ನು?’ ಎಂಬುದಕ್ಕೆ ವಾಕ್ಯದಲ್ಲಿ ಉತ್ತರ ಇದೆಯೇ? ಅಂದರೆ ಕರ್ಮಪದ ಇದೆಯೇ?

ಇಲ್ಲದಿದ್ದರೆ ಅರ್ಥ ಹೆಚ್ಚಾಗಿ ನೆಲ ಬಿಟ್ಟು ಏಳುವುದು ಅಥವಾ ಹೊರಟುಹೋಗುವುದು. ಬಜ್ಪೆಯ ಟೇಬಲ್‌ಟಾಪ್ ರನ್‌ವೇಯಿಂದ ವಿಮಾನ ಮೇಲೆದ್ದರೆ ‘ದ ಫ್ಲೈಟ್ ಟುಕ್ ಆಫ್ ಅಟ್ ಸಿಕ್ಸ್’. ‘ಹಾರಿತು’ ಎಂಬ ಕನ್ನಡವನ್ನು ನೆಚ್ಚಿ ‘ದ ಫ್ಲೈಟ್ ಫ್ಲೂ ಅಟ್ ಸಿಕ್ಸ್’ ಎನ್ನುವವರಿದ್ದಾರೆ. ಅಷ್ಟಾದರೆ ಕೇಳುವವರಿಗೆ ಹೇಗೋ ಅರ್ಥವಾದೀತು. ‘ದ ಫ್ಲೈಟ್ ವಾಸ್ ಟೇಕನ್ ಆಫ್’ ಎಂದರೆ ಮಾತ್ರ ಕೆಟ್ಟಿತು: ಆ ವಿಮಾನದ ಸಂಚಾರವನ್ನೇ ರದ್ದು ಮಾಡಿದರು ಎಂಬ ಅರ್ಥ ಬರುತ್ತದೆ. ತಾನೇ ಮೇಲೇಳುವ ವಸ್ತುವಿಗೆ ಕರ್ಮಣಿ ಪ್ರಯೋಗ ಸಲ್ಲದು. ರೈಲು, ಬಸ್ಸು ಹೊರಡುವುದಕ್ಕೆ ‘ಲೆಫ್ಟ್’ ಸಾಕು.

ವ್ಯಾಪಾರ ಕುದುರುವುದಕ್ಕೂ ಇದೇ ಮಾತು. ‘ದ ಗಡ್‌ಬಡ್ ಟುಕ್ ಆಫ್’ ಎಂದರೆ ಗಡ್‌ಬಡ್ ಐಸ್‌ಕ್ರೀಮಿಗೆ ಒಮ್ಮೆಲೇ ಬೇಡಿಕೆ ಏರಿತು. ‘ಹಿ ಟುಕ್ ಆಫ್’ ಎಂದರೆ ಹೇಳದೆ ಕೇಳದೆ ಕಾಲ್ಕಿತ್ತ. ಇಂಥ ಕಡೆ ಕನ್ನಡದ ‘ಕಾಲ್ಕೀಳು’ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಕರ್ಮಪದ ಇದ್ದರೆ ಅರ್ಥ ಹೆಚ್ಚಾಗಿ ಕಳಚುವುದು, ತೆಗೆಯುವುದು. ಕೃಷ್ಣಮಠಕ್ಕೆ ಬಂದ ಹೊರದೇಶದ ಅತಿಥಿಗೆ ‘ಪ್ಲೀಸ್ ಟೇಕ್ ಆಫ್ ಯುವರ್ ಶರ್ಟ್’ ಎನ್ನಬಹುದು, ‘ಟೇಕ್ ಯುವರ್ ಶರ್ಟ್ ಆಫ್’ ಎಂದೂ ಹೇಳಬಹುದು. ಶರ್ಟಿನ ಬದಲು ‘ಇಟ್’ ಬಂದರೆ ದಾರಿ ಒಂದೇ: ‘ಟೇಕ್ ಇಟ್ ಆಫ್’. ‘ಟೇಕ್ ಆಫ್ ಇಟ್’ ತಪ್ಪು. ಇದಕ್ಕೆ ಕಾರಣ ಒತ್ತು. ಈ ಜೋಡಿಯಲ್ಲಿ ಹೆಚ್ಚಿನ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಇಟ್’, ‘ದೆಮ್’ ಹಗುರಾದ ಸರ್ವನಾಮಗಳಾದ್ದರಿಂದ ಕೊನೆಯಲ್ಲಿ ನಿಲ್ಲದೆ ಮಧ್ಯಕ್ಕೆ ಸರಿಯುತ್ತವೆ. ಕರ್ಮಪದ ಉದ್ದವಾಗಿದ್ದರೆ ಇದು ತಿರುಗುಮುರುಗು. ‘ಬೆಳಿಗ್ಗೆ ಹಾಕಿಕೊಂಡಿದ್ದ ಒದ್ದೆ ರೇನ್‌ಕೋಟ್’ ಎಂಬಷ್ಟನ್ನೂ ‘ಟೇಕ್’ ಮತ್ತು ‘ಆಫ್’ ನಡುವೆ ತುರುಕಿದರೆ ‘ಆಫ್’ ಬರುವ ಹೊತ್ತಿಗೆ ಕೇಳುಗರಿಗೆ ‘ಟೇಕ್’ ಮರೆತುಹೋಗಿರುತ್ತದೆ. ಅಂಥಲ್ಲಿ ‘ಟೇಕ್ ಆಫ್’ ಜೊತೆಜೊತೆಗೇ ಇರಲಿ.

ಮಂಗಳೂರಿನಲ್ಲಿ ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗುವವರು ಬಹಳ. ಅವರು ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ರೋಗಿಗೆ ಆಕ್ಸಿಜನ್ ಕೊಡುವುದನ್ನು ನಿಲ್ಲಿಸಿದ್ದನ್ನು ಪಾಳಿ ಬದಲಾಗುವಾಗ ಹೇಳುವುದು ಹೀಗೆ: ‘ದ ಪೇಷೆಂಟ್ ವಾಸ್ ಟೇಕನ್ ಆಫ್ ಆಕ್ಸಿಜನ್ ಅಟ್ ಸಿಕ್ಸ್’. ಇಲ್ಲಿ ಕರ್ಮಪದ ರೋಗಿ. ಆಕ್ಸಿಜನ್ ಎಂಬುದು ‘ಆಫ್’ ಜೊತೆಗೆ ಅಂಟಿಕೊಂಡ ಪದ. ಆದ್ದರಿಂದ ‘ಟೇಕ್ ಹಿಮ್ ಆಫ್ ಇಟ್’ ಸರಿಯಾದ ಇಂಗ್ಲಿಷ್. ಮೇಲಿನ ನಿಯಮ ಮುರಿದಂತೆ ಕಂಡರೂ ಮುರಿದಿಲ್ಲ: ‘ಹಿಮ್’ ಮಧ್ಯದಲ್ಲೇ ಇದೆ. ಮಾತ್ರೆ ನಿಲ್ಲಿಸಿದಾಗಲೂ ಇದೇ ರಚನೆ. ಆದರೆ ಕಾಲಿನ ಪ್ಲಾಸ್ಟರ್ ಬಿಚ್ಚಿದ್ದನ್ನು ಹೇಳುವಾಗ ‘ಪ್ಲಾಸ್ಟರ್’ ಎಂಬ ಪದವನ್ನು ನುಂಗಬಾರದು. ‘ದ ಲೆಗ್ ವಾಸ್ ಟೇಕನ್ ಆಫ್’ ಎಂದರೆ ಕಾಲನ್ನೇ ಕತ್ತರಿಸಿದರು ಎಂದಾಗುತ್ತದೆ.

ರಜೆಯ ಮಾತಿನಲ್ಲೂ ಎಡವುತ್ತೇವೆ. ‘ಸೋಮವಾರ ಆಫ್ ತಗೊಂಡಿದ್ದೇನೆ’ ಎಂಬುದು ನಮ್ಮ ಬಾಯಲ್ಲಿ ಸಲೀಸು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ಆಮ್ ಟೇಕಿಂಗ್ ಆಫ್ ಆನ್ ಮಂಡೇ’ ಎಂದರೆ ಸೋಮವಾರ ಎಲ್ಲಿಗೋ ಹೊರಟಿದ್ದೀರಿ ಎಂದು ತಿಳಿಯುತ್ತಾರೆ. ದಿನವನ್ನು ನಡುವೆ ಇಡಿ: ‘ಐ ಆಮ್ ಟೇಕಿಂಗ್ ಮಂಡೇ ಆಫ್’. ಬಿಲ್ಲಿನಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿಸಲು ‘ಟೇಕ್ ಫಿಫ್ಟಿ ರುಪೀಸ್ ಆಫ್ ದ ಬಿಲ್’. ಯಾರನ್ನಾದರೂ ಅಣಕಿಸಿ ತೋರಿಸುವುದಕ್ಕೂ ಬ್ರಿಟನ್ನಿನಲ್ಲಿ ‘ಟೇಕ್ ಆಫ್’ ಎನ್ನುತ್ತಾರೆ. ಓದುವಾಗ ಗುರುತಿಸಿದರೆ ಸಾಕು, ಬಳಸಲೇಬೇಕೆಂದಿಲ್ಲ.

ಉಚ್ಚಾರಣೆಯಲ್ಲಿ ಎರಡು ಪದಗಳ ನಡುವೆ ನಿಲ್ಲಬೇಡಿ. ‘ಕ್’ ಮುಂದಿನ ಸ್ವರಕ್ಕೆ ಸೇರಿ ‘ಟೇಕಾಫ್’ ಎಂದೇ ಕೇಳಬೇಕು. ನಾಮಪದವಾದಾಗ ಮುಖ್ಯ ಒತ್ತು ಮೊದಲಿನ ‘ಟೇಕ್’ಗೆ ಬರುತ್ತದೆ. ಬರೆಯುವಾಗ ನಾಮಪದಕ್ಕೆ ನಡುವೆ ಅಡ್ಡಗೆರೆ ಇಡುತ್ತಾರೆ ಅಥವಾ ಕೂಡಿಸಿ ಬರೆಯುತ್ತಾರೆ. ಕ್ರಿಯಾಪದವಾದರೆ ಎರಡೂ ಬಿಡಿ ಪದಗಳು.

ಅಷ್ಟಾದರೂ ಸಂಶಯ ಉಳಿದರೆ ವಿರುದ್ಧಪದ ಹುಡುಕಿ. ವಿಮಾನದ್ದಾದರೆ ‘ಲ್ಯಾಂಡ್’, ಬಿಲ್ಲಿನದ್ದಾದರೆ ‘ಆ್ಯಡ್’, ಬಟ್ಟೆಯದ್ದಾದರೆ ‘ಪುಟ್ ಆನ್’. ಸ್ವಾರಸ್ಯವೆಂದರೆ ಬಸ್ಸಿಗೂ ಇದೇ ‘ಪುಟ್ ಆನ್’ ಸಲ್ಲುತ್ತದೆ. ಕುಂದಾಪುರಕ್ಕೆ ಹೊಸ ಬಸ್ ಬಿಟ್ಟರೆ ‘ದೆ ಹ್ಯಾವ್ ಪುಟ್ ಆನ್ ಎ ನ್ಯೂ ಬಸ್’. ಜನ ಸಾಲದೆ ಅದನ್ನು ನಿಲ್ಲಿಸಿದರೆ ‘ದ ಬಸ್ ಹ್ಯಾಸ್ ಬೀನ್ ಟೇಕನ್ ಆಫ್’. ನಾವು ‘ಬಿಟ್ಟರು’ ಎನ್ನುವಲ್ಲಿ ಅವರು ತೊಡಿಸುತ್ತಾರೆ, ನಾವು ‘ನಿಲ್ಲಿಸಿದರು’ ಎನ್ನುವಲ್ಲಿ ಅವರು ಕಳಚುತ್ತಾರೆ.