ಕ್ರಿಟಿಕಲ್ ಚಾರ್ಜ್: ಒಂದು ಬಿಟ್ ಮಗುಚಲು ಎಷ್ಟು ಆವೇಶ ಸಾಕು?

ಮೆಮೊರಿ ಚಿಪ್‌ನ ಒಂದು ಕೋಶದಲ್ಲಿ 1 ಇದೆ ಅಂದುಕೊಳ್ಳಿ. ಯಾರೂ ಮುಟ್ಟದಿದ್ದರೂ ಅದು 0 ಆಗಿಬಿಡಲು ಕನಿಷ್ಠ ಎಷ್ಟು ವಿದ್ಯುದಾವೇಶ ಬಂದು ಸೇರಬೇಕೋ, ಅದೇ ಆ ಕೋಶದ ಕ್ರಿಟಿಕಲ್ ಚಾರ್ಜ್. ನಿರ್ಣಾಯಕ ಆವೇಶ ಅಂತಲೂ ಹೇಳಬಹುದು. ಅದಕ್ಕಿಂತ ಕಡಿಮೆ ಬಂದರೆ ಕೋಶ ತಡೆದುಕೊಳ್ಳುತ್ತದೆ. ದಾಟಿದರೆ ಬಿಟ್ ಮಗುಚುತ್ತದೆ. ಚಿಪ್ ಮಾತ್ರ ಕೆಡುವುದಿಲ್ಲ. ಮತ್ತೆ ಬರೆದರೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದಕ್ಕೇ ಇಂಥ ತಪ್ಪಿಗೆ ಸಾಫ್ಟ್ ಎರರ್ ಎಂಬ ಹೆಸರು ಬಂದಿದೆ.

ಇಲ್ಲಿನ ಅಳತೆ ಫೆಮ್ಟೊಕೂಲಂಬ್. ಒಂದು ಕೂಲಂಬನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು. ಡಿರ‍್ಯಾಮ್ (ಕಂಪ್ಯೂಟರಿನ ಮುಖ್ಯ ಮೆಮೊರಿ) ಕೋಶದೊಳಗೆ ಆವೇಶ ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಧಾರಕತೆ (ಆವೇಶ ಹಿಡಿಯುವ ಸಾಮರ್ಥ್ಯ) 30 ಫೆಮ್ಟೊಫ್ಯಾರಡ್, ವೋಲ್ಟೇಜ್ 1 ಅಂತ ಇಟ್ಟುಕೊಂಡರೆ ಅದರಲ್ಲಿ ಕೂತಿರುವುದು 30 ಫೆಮ್ಟೊಕೂಲಂಬ್, ಅಂದರೆ ಸುಮಾರು 1,87,000 ಎಲೆಕ್ಟ್ರಾನ್‌ಗಳು. ಓದುವ ಸರ್ಕ್ಯೂಟ್ ಅರ್ಧ ವೋಲ್ಟೇಜನ್ನು ಗಡಿ ಮಾಡಿಕೊಂಡು 0 ಅಥವಾ 1 ಎಂದು ನಿರ್ಧರಿಸುತ್ತದೆ. ಹಾಗಾಗಿ ಹೊರಗಿಂದ ಬಂದು ಸೇರುವ ವಿರುದ್ಧ ಆವೇಶ ಅಷ್ಟನ್ನೂ ಅಳಿಸಬೇಕಿಲ್ಲ, ಅರ್ಧದಷ್ಟು ಅಳಿಸಿದರೂ ಸಾಕು.

ಆ ಅರ್ಧವನ್ನು ಕದಿಯುವವರು ಯಾರು? ಇದು ಸ್ಪಷ್ಟವಾಗಿ ಗೊತ್ತಾಗಿದ್ದು 1978ರಲ್ಲಿ. ಇಂಟೆಲ್‌ನ 16 ಕಿಲೋಬಿಟ್ ಡಿರ‍್ಯಾಮ್‌ಗಳಲ್ಲಿ ಬಿಟ್‌ಗಳು ಸುಮ್ಸುಮ್ನೆ ಮಗುಚುತ್ತಿದ್ದವು. ಟಿಮೊಥಿ ಮೇ ಮತ್ತು ಮರ‍್ರೆ ವುಡ್ಸ್ ಕಾರಣ ಹುಡುಕುತ್ತಾ ಹೋದರು. ತಪ್ಪು ಸಿಕ್ಕಿದ್ದು ಸಿಲಿಕಾನ್‌ನಲ್ಲಲ್ಲ, ಅದನ್ನು ಮುಚ್ಚಿದ್ದ ಸೆರಾಮಿಕ್ ಕವಚದಲ್ಲಿ. ಅದರಲ್ಲಿ ಯುರೇನಿಯಂ, ಥೋರಿಯಂ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದವು. ಅವು ವಿಕಿರಣವಾಗಿ ಉಗುಳುವ, ಆವೇಶವಿರುವ ಆಲ್ಫಾ ಕಣಗಳೇ ಬಿಟ್ ಮಗುಚುತ್ತಿದ್ದವು.

ಇದರ ಲೆಕ್ಕ ನನಗೆ ತುಂಬಾ ಇಷ್ಟ. ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್-ಹೋಲ್ ಜೋಡಿ (ಬಿಡುಗಡೆಯಾದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ) ಹುಟ್ಟಲು ಸುಮಾರು 3.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಒಂದು ಆಲ್ಫಾ ಕಣದ ಬಳಿ 50 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಇದ್ದರೆ, ಅದು ನಿಲ್ಲುವಷ್ಟರಲ್ಲಿ ಸುಮಾರು 14 ಲಕ್ಷ ಜೋಡಿಗಳನ್ನು ಎಬ್ಬಿಸುತ್ತದೆ. ಆವೇಶದ ಲೆಕ್ಕದಲ್ಲಿ 220 ಫೆಮ್ಟೊಕೂಲಂಬ್. ಮೇಲಿನ ಕೋಶ ಇಟ್ಟುಕೊಂಡಿದ್ದೇ 30! ಆದರೆ ಎಬ್ಬಿಸಿದ್ದೆಲ್ಲಾ ಕೋಶಕ್ಕೆ ಸೇರುವುದಿಲ್ಲ. ಕೋಶದ ಜಂಕ್ಷನ್ನಿನ (ಎರಡು ಬಗೆಯ ಸಿಲಿಕಾನ್ ಸೇರುವ ಗಡಿ) ಹತ್ತಿರ ಹುಟ್ಟಿದ್ದು ಮಾತ್ರ ಬೇಗ ಅದರೊಳಗೆ ಹರಿಯುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮತ್ತೆ ಕೂಡಿಕೊಂಡು ಇಲ್ಲವಾಗುತ್ತದೆ, ಇಲ್ಲವೇ ಬೇರೆ ಕಡೆ ಹರಡುತ್ತದೆ. ಕ್ರಿಟಿಕಲ್ ಚಾರ್ಜ್ ಜೊತೆ ಹೋಲಿಸಬೇಕಾದ್ದು ಕೋಶಕ್ಕೆ ಸೇರಿದ ಆವೇಶವನ್ನು, ಹುಟ್ಟಿದ ಆವೇಶವನ್ನಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಲೆಕ್ಟ್ರಾನಿನ ಆವೇಶದ ಹಾಗೆ ಕ್ರಿಟಿಕಲ್ ಚಾರ್ಜ್ ಪ್ರಕೃತಿ ಕೊಟ್ಟ ಸ್ಥಿರ ಸಂಖ್ಯೆ ಅಲ್ಲ. ವಿನ್ಯಾಸ ಮಾಡುವವರ ಆಯ್ಕೆಯಿಂದ ಹುಟ್ಟುವ ಸಂಖ್ಯೆ. ಧಾರಕತೆ ಜಾಸ್ತಿ ಮಾಡಿದರೆ ಏರುತ್ತದೆ, ವೋಲ್ಟೇಜ್ ಇಳಿಸಿದರೆ ಇಳಿಯುತ್ತದೆ. ಬ್ಯಾಟರಿ ಉಳಿಸಲು ವೋಲ್ಟೇಜ್ ತಗ್ಗಿಸಿದಾಗಲೆಲ್ಲ ಈ ಗಡಿಯೂ ತಗ್ಗುತ್ತದೆ.

ಎಸ್‌ರ‍್ಯಾಮ್‌ನಲ್ಲಿ (ಪ್ರೊಸೆಸರ್ ಒಳಗೆ ಬಳಸುವ ವೇಗದ ಮೆಮೊರಿಯಲ್ಲಿ) ಇದಕ್ಕೆ ಸಮಯವೂ ಸೇರಿಕೊಳ್ಳುತ್ತದೆ. ಅಲ್ಲಿ ಎರಡು ಇನ್ವರ್ಟರ್‌ಗಳು (0 ಅನ್ನು 1, 1 ಅನ್ನು 0 ಮಾಡುವ ಸರ್ಕ್ಯೂಟ್‌ಗಳು) ಕೈ ಕೈ ಹಿಡಿದು ನಿಂತ ಇಬ್ಬರಂತೆ: ಒಬ್ಬ ವಾಲಿದರೆ ಇನ್ನೊಬ್ಬ ಎಳೆದು ನಿಲ್ಲಿಸುತ್ತಾನೆ. ಆವೇಶ ನಿಧಾನಕ್ಕೆ ಬಂದರೆ ಟ್ರಾನ್ಸಿಸ್ಟರ್ ಅದನ್ನು ಅಷ್ಟಷ್ಟಾಗಿ ಹೊರಹಾಕುತ್ತದೆ. ಅಷ್ಟೇ ಆವೇಶ ಒಮ್ಮೆಲೇ ಬಂದು ಬಡಿದರೆ ಸರಿಪಡಿಸಲು ಪುರುಸೊತ್ತೇ ಸಿಗುವುದಿಲ್ಲ. ಅಂದರೆ ಒಂದೇ ಕೋಶಕ್ಕೂ ಕ್ರಿಟಿಕಲ್ ಚಾರ್ಜ್ ಒಂದೇ ಅಲ್ಲ, ಬರುವ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನೋಡಿ ಬದಲಾಗುತ್ತದೆ.

ಕವಚವನ್ನು ಶುದ್ಧ ಮಾಡಿ ಆಲ್ಫಾ ಕಣಗಳನ್ನು ಬಹಳ ಮಟ್ಟಿಗೆ ಕಡಿಮೆ ಮಾಡಲಾಯಿತು. ಆದರೆ 1979ರಲ್ಲೇ ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್‌ನ ವಿಲಿಯಂ ಲ್ಯಾನ್‌ಫರ್ಡ್ ಇನ್ನೊಂದು ಮೂಲವನ್ನು ತೋರಿಸಿದ್ದರು: ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ. ಇದರಲ್ಲಿ ಮುಖ್ಯ ಪಾತ್ರ ಅದು ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳದ್ದು. ಅವುಗಳಿಗೆ ಸ್ವಂತ ಆವೇಶವೇ ಇಲ್ಲ. ಆದರೆ ಸಿಲಿಕಾನ್ ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆದಾಗ ಸಿಡಿಯುವ ಚೂರುಗಳು ದಾರಿಯುದ್ದಕ್ಕೂ ಆವೇಶ ಎಬ್ಬಿಸುತ್ತವೆ. ಎತ್ತರಕ್ಕೆ ಹೋದಷ್ಟೂ ಈ ಕಾಟ ಜಾಸ್ತಿ. ವಿಮಾನ ಹಾರುವ ಎತ್ತರದಲ್ಲಿ ನ್ಯೂಟ್ರಾನ್‌ಗಳು ಸಮುದ್ರಮಟ್ಟಕ್ಕಿಂತ ನೂರಾರು ಪಟ್ಟು. ನೆಲದಡಿಗೆ ಇಳಿದರೆ ಇದಕ್ಕೆ ತದ್ವಿರುದ್ಧ, ಬಂಡೆಯೇ ಕಾಸ್ಮಿಕ್ ಕಿರಣಗಳನ್ನು ತಡೆಯುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗೂ ಆಳದಲ್ಲಿ ವಿಜ್ಞಾನಿಗಳು 1965ರಲ್ಲಿ ನ್ಯೂಟ್ರಿನೊ (ಬಂಡೆಯನ್ನೂ ದಾಟಿ ಬರುವ ಅತಿ ಸೂಕ್ಷ್ಮ ಕಣ) ಗುರುತು ಹಿಡಿದಿದ್ದು ಇದೇ ಅನುಕೂಲದಿಂದ. ಆದರೆ ಎಲ್ಲರ ಕಂಪ್ಯೂಟರನ್ನೂ ಗಣಿಗೆ ಇಳಿಸಲು ಆಗುವುದಿಲ್ಲ ಅಲ್ವಾ?

2003ರಲ್ಲಿ ಬೆಲ್ಜಿಯಂನ ಸ್ಖಾರ್‌ಬೇಕ್‌ನಲ್ಲಿ ವಿದ್ಯುನ್ಮಾನ ಮತ ಎಣಿಕೆ ನಡೆದಾಗ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಿದ್ದಿತ್ತು. 4096 ಎಂದರೆ 2ರ 12ನೇ ಘಾತ, ಸರಿಯಾಗಿ ಒಂದು ಬಿಟ್ ಮಗುಚಿದಷ್ಟು. ಯಂತ್ರವನ್ನು ಎಷ್ಟು ಪರೀಕ್ಷಿಸಿದರೂ ಆ ತಪ್ಪು ಮತ್ತೆ ಕಾಣಲಿಲ್ಲ. ಕಾಸ್ಮಿಕ್ ಕಿರಣವೇ ಕಾರಣ ಎಂಬುದು ಊಹೆ ಮಾತ್ರ, ಸಾಬೀತಾಗಿಲ್ಲ. ಸಾಫ್ಟ್ ಎರರ್‌ನ ಕಷ್ಟವೇ ಇದು, ಗುರುತು ಬಿಟ್ಟು ಹೋಗುವುದಿಲ್ಲ.

ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಕ್ರಿಟಿಕಲ್ ಚಾರ್ಜ್ ಇಳಿಯುತ್ತಾ ಬಂದಿದೆ. 1 ಫೆಮ್ಟೊಕೂಲಂಬ್ ಎಂದರೆ ಬರೀ 6,200ರಷ್ಟು ಎಲೆಕ್ಟ್ರಾನ್‌ಗಳು. ಆದರೂ ತಪ್ಪುಗಳು ಅದೇ ಲೆಕ್ಕದಲ್ಲಿ ಏರಲಿಲ್ಲ. ಕೋಶ ಕಿರಿದಾದರೆ ಕಣ ಅದಕ್ಕೆ ತಾಗುವ ಸಾಧ್ಯತೆಯೂ, ಅದು ಸೇರಿಸಿಕೊಳ್ಳುವ ಆವೇಶವೂ ಕಡಿಮೆ. ಆದರೆ ಒಂದೊಂದು ಯಂತ್ರದಲ್ಲಿ ಇರುವ ಬಿಟ್‌ಗಳು ವಿಪರೀತ ಹೆಚ್ಚಿವೆ. ಅಕ್ಕಪಕ್ಕದ ಕೋಶಗಳು ತೀರಾ ಹತ್ತಿರ ಇರುವುದರಿಂದ ಒಂದೇ ಕಣ ಎರಡು ಮೂರು ಬಿಟ್ ಮಗುಚುವುದೂ ಉಂಟು. ಅದಕ್ಕೆ ಒಂದೇ ಪದದ (ಒಟ್ಟಿಗೆ ಓದುವ ಬಿಟ್‌ಗಳ ಗುಂಪಿನ) ಬಿಟ್‌ಗಳನ್ನು ಚಿಪ್‌ನಲ್ಲಿ ದೂರ ದೂರ ಇಡುತ್ತಾರೆ.

ಸರ್ವರ್‌ಗಳಲ್ಲಿ ಬಳಸುವ, ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿಯಲ್ಲಿ ಸಾಮಾನ್ಯವಾಗಿ ಪ್ರತಿ 64 ಬಿಟ್‌ಗೆ 8 ಹೆಚ್ಚುವರಿ ಬಿಟ್ ಇರುತ್ತವೆ. ಒಂದು ಬಿಟ್ ಮಗುಚಿದರೆ ಅದೇ ಸರಿಪಡಿಸುತ್ತದೆ, ಎರಡು ಮಗುಚಿದರೆ ತಪ್ಪಾಗಿದೆ ಎಂದು ತಿಳಿಸುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಈ ಪೂರ್ತಿ ವ್ಯವಸ್ಥೆ ಇರುವುದಿಲ್ಲ. ಡಿಡಿಆರ್5 ಎಂಬ ಪೀಳಿಗೆಯ ಮೆಮೊರಿ ಚಿಪ್‌ಗಳು ತಮ್ಮೊಳಗಿನ ಒಂಟಿ ಬಿಟ್ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ, ಆದರೆ ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಗೆ ಆ ರಕ್ಷಣೆ ಇಲ್ಲ. ಅಂಗಡಿಯ ಲೆಕ್ಕವೋ ವರ್ಷಗಳ ಫೋಟೋಗಳೋ ಇರುವ ಸರ್ವರನ್ನು ಮನೆಯಲ್ಲೇ ನಡೆಸುವವರು ಇಸಿಸಿ ಮೆಮೊರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ಒಳ್ಳೆಯದು. ಕೊಳ್ಳುವ ಮುಂಚೆ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎರಡೂ ಅದಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ.