ಚಳಿಗಿಂತ ನೀರು ಕೊಲ್ಲುವ ಶುಂಠಿ

ಶಿರಸಿ, ಸಾಗರದ ಕಡೆಯಿಂದ ಪುಣೆಗೆ ಬಂದು ನೆಲೆಸಿದವರ ಬಾಲ್ಕನಿಗಳಲ್ಲಿ ಸುರುಳಿ ಸುಗಂಧಿಯ ಕುಂಡ ಕಾಣುವುದುಂಟು. ಮರಾಠಿ ನೆರೆಯವರಿಗೆ ಅದು ಸೋನ್‌ಟಕ್ಕಾ. ಶುಂಠಿಯ ಈ ನೆಂಟ ಇಂಗ್ಲೆಂಡಿನ ತೋಟದಲ್ಲೂ ಬದುಕಬಲ್ಲದು, ಆದರೆ ಮೊಗ್ಗು ಬರುವುದು ತಡ. ಅರಳುವ ಮುಂಚೆಯೇ ಹಿಮ ಬೀಳುತ್ತದೆ. ಅಲ್ಲಿಗೆ ಅದೇ ಕುಲದ, ಹಿಮಾಲಯದ ಹೆಡಿಕಿಯಂ ಡೆನ್ಸಿಫ್ಲೋರಮ್ ಉತ್ತಮ, ಅದು ಬೇಸಿಗೆಯಲ್ಲೇ ಹೂ ಬಿಡುತ್ತದೆ. ಜಪಾನಿನ ಮಿಯೋಗಾ ಶುಂಠಿ ಇನ್ನೂ ಗಟ್ಟಿ; ಅದರ ಮೊಗ್ಗನ್ನು ಅಲ್ಲಿ ತಿನ್ನುತ್ತಾರೆ.

ಈ ಗಿಡಗಳಲ್ಲಿ ಕಾಂಡದಂತೆ ಕಾಣುವುದು ಎಲೆಗಳ ಬುಡದ ಹೊದಿಕೆಗಳ ಸುರುಳಿ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಹಿಮಕ್ಕೆ ಮೇಲಿನದು ಸತ್ತರೂ 10 ಸೆಂ.ಮೀ. ಆಳದ ಗೆಡ್ಡೆ ಉಳಿಯುತ್ತದೆ, ಏಕೆಂದರೆ ಮಣ್ಣು ನಿಧಾನ ತಣಿಯುತ್ತದೆ. ಮೇಲೆ 15 ಸೆಂ.ಮೀ. ಒಣ ಎಲೆ ಹೊದಿಸಿದರೆ ಇನ್ನೂ ಭದ್ರ. ಬಹಳಷ್ಟು ಗೆಡ್ಡೆಗಳು ಸಾಯುವುದು ಚಳಿಗಲ್ಲ, ಚಳಿಗಾಲದ ನಿಂತ ನೀರಿಗೆ. ಬೆಳವಣಿಗೆ ನಿಲ್ಲಿಸಿ ಮಲಗಿದ ಗೆಡ್ಡೆ ನೀರು ಹೀರುವುದಿಲ್ಲ. ಮಣ್ಣಿನ ರಂಧ್ರಗಳೆಲ್ಲ ತುಂಬಿ ಬೇರಿಗೆ ಆಮ್ಲಜನಕ ಸಿಗದಾದಾಗ ಪೈಥಿಯಂನಂಥ ಸೂಕ್ಷ್ಮಜೀವಿ ತರುವ ಕೊಳೆರೋಗ ಹೊಗುತ್ತದೆ.

ಪುಣೆಯಲ್ಲಿ ಹಿಮವಿಲ್ಲ, ಆದರೆ ಮಲಗಿದ ಗೆಡ್ಡೆಗೆ ನೀರೆರೆಯುವ ತಪ್ಪು ಇದೆ. ಸಹ್ಯಾದ್ರಿಯ ಕಾಡು ಅರಿಶಿನ ಮಳೆಗಾಲ ಮುಗಿಯುತ್ತಿದ್ದಂತೆ ಎಲೆ ಹಳದಿಯಾಗಿ ಮಲಗುತ್ತದೆ. ಎಲೆ ಪೂರ್ತಿ ಒಣಗುವವರೆಗೆ ಕತ್ತರಿಸಬೇಡಿ, ಅದರ ಸತ್ವ ಗೆಡ್ಡೆಗೆ ಇಳಿಯುತ್ತಿರುತ್ತದೆ. ಆಮೇಲೆ ನೀರು ಪೂರ್ತಿ ನಿಲ್ಲಿಸಿ, ಕುಂಡವನ್ನು ನೆರಳಿಗೆ ಸರಿಸಿ. ಮೇ ಕೊನೆಯವರೆಗೆ ಮುಟ್ಟಬೇಕಿಲ್ಲ. ಗಿಡ ಸತ್ತಿತೆಂದು ದಿನವೂ ನೀರೆರೆಯುವವರೇ ಅದನ್ನು ನಿಜಕ್ಕೂ ಕೊಲ್ಲುತ್ತಾರೆ. ಸುರುಳಿ ಸುಗಂಧಿಯ ಲೆಕ್ಕ ಬೇರೆ: ಅದು ಹಳ್ಳದ ದಡದ ಗಿಡ, ಪೂರ್ತಿ ಒಣಗಿದರೆ ಸೊರಗುತ್ತದೆ. ಚಳಿಗಾಲದಲ್ಲೂ ಮಣ್ಣಿನಲ್ಲಿ ಸ್ವಲ್ಪ ತೇವ ಇರಲಿ. ಹೂವಾದ ದಂಟು ಮತ್ತೆ ಹೂ ಬಿಡದು, ಅದನ್ನು ಬುಡಕ್ಕೆ ಕತ್ತರಿಸಿ.

ಗೆಡ್ಡೆ ಒತ್ತಿದರೆ ಮೆತ್ತಗೆ, ಮೂಗಿಗೆ ಹುಳಿ ವಾಸನೆ ಬಂದರೆ ಕೊಳೆತ ಶುರುವಾಗಿದೆ. ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ಎಸೆದು, ಉಳಿದದ್ದನ್ನು ಎರಡು ದಿನ ನೆರಳಲ್ಲಿ ಒಣಗಿಸಿ ಹೊಸ ಮಣ್ಣಿಗೆ ಹಾಕಿ. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಒರಟು ಮರಳು ಸಾಕು. ಕುಂಡ ಆಳಕ್ಕಿಂತ ಅಗಲ ಇರಲಿ, ಗೆಡ್ಡೆ ಅಡ್ಡಕ್ಕೆ ಹರಡುತ್ತದೆ.

ಶುಂಠಿಯ ಇನ್ನೊಂದು ನೆಂಟ, ಹಿಮಾಲಯದ ರಾಸ್ಕೋಯಾ ತರಲು ಮನಸ್ಸಾದರೆ ತಡೆಯಿರಿ. ಹಿಮ ತಾಳುವ ಅದಕ್ಕೆ ಪುಣೆಯ ಏಪ್ರಿಲ್ ಬಿಸಿಲು ತಾಳದು. ಇನ್ನು, ನಿಮ್ಮ ಕುಂಡದ ಗೆಡ್ಡೆಯನ್ನು ತುಂಡು ಮಾಡಿ ನೆಡಲು ಮೇ ಕೊನೆಯೇ ಸರಿಯಾದ ಹೊತ್ತು. ಪ್ರತಿ ತುಂಡಿನಲ್ಲೂ ಎರಡು ಮೂರು ಕಣ್ಣು ಇರಬೇಕು.