ಮಲ್ಲೇಶ್ವರದ ಟೈಲರ್ ಅಂಗಡಿ ಎಲ್ಲಿಗೆ ಹೋಯಿತು?

ಮಲ್ಲೇಶ್ವರದ ಕ್ರಾಸ್‌ಗಳಲ್ಲಿ ಹಳೆಯ ಮನೆಯೊಂದು ಕಂಡರೆ ಒಳಗಿರುವುದು ಸಂಸಾರವೋ ಕೆಫೆಯೋ ಎಂದು ಈಗ ಗೇಟಿನ ಬೋರ್ಡು ನೋಡಿಯೇ ತಿಳಿಯಬೇಕು. ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಒಳಗೆ ರೆಡ್ ಆಕ್ಸೈಡ್ ನೆಲ, ಊಟದ ಮನೆಯಲ್ಲಿ ಎಸ್ಪ್ರೆಸ್ಸೊ ಯಂತ್ರ. ಅದೇ ಸಾಲಿನಲ್ಲಿದ್ದ ಟೈಲರ್ ಅಂಗಡಿ, ಗಿರಣಿ ಕಾಣೆಯಾದಾಗ ಜನ ದೂರುವುದು ಈ ಕೆಫೆಗಳನ್ನೇ. ನನ್ನ ಪ್ರಕಾರ ದೂರಬೇಕಾದ್ದು ಬಾಡಿಗೆ ಕಾನೂನನ್ನು.

1898ರ ಪ್ಲೇಗಿನ ನಂತರ ಪೇಟೆಯ ಜನ ಬಂದು ನೆಲೆಸಿ ಬೆಳೆದ ಬಡಾವಣೆ ಇದು. ಇಲ್ಲಿನ ಬಾಡಿಗೆದಾರ ವ್ಯಾಪಾರಿಗಳನ್ನು 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಗಟ್ಟಿಯಾಗಿಯೇ ಕಾಯ್ದಿತ್ತು. ಕೋರ್ಟಿನಲ್ಲಿ ತಕ್ಕ ಕಾರಣ ತೋರಿಸದೆ ಮಾಲೀಕರು ಖಾಲಿ ಮಾಡಿಸುವಂತಿರಲಿಲ್ಲ. ಎಷ್ಟೋ ಮಳಿಗೆಗಳ ಬಾಡಿಗೆ ಅಪ್ಪನ ಕಾಲದ್ದೇ ಉಳಿಯಿತು; ಸೂರು ಸೋರಿದರೂ ರಿಪೇರಿಗೆ ಯಾರೂ ಕೈಹಾಕುತ್ತಿರಲಿಲ್ಲ. ಮಾಲೀಕರ ಗೋಳೂ ಸುಳ್ಳಲ್ಲ.

ಅದರ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂತು, 2001ರ ಕೊನೆಗೆ ಜಾರಿಯಾಯಿತು. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾದ ಮಳಿಗೆಗಳು ಕಾಯ್ದೆಯಿಂದ ಹೊರಬಿದ್ದವು. ಬೆಂಗಳೂರಿನಂಥ ನಗರದಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೂ ರಕ್ಷಣೆ ಇಲ್ಲ. ಈ ಎರಡು ಜರಡಿಯಲ್ಲಿ ಉಳಿಯುವ ಮಳಿಗೆಯನ್ನು ಸಂಪಿಗೆ ರಸ್ತೆಯಲ್ಲಿ ಹುಡುಕಿ ನೋಡಿ! ಉಳಿದದ್ದೆಲ್ಲ ಅಗ್ರಿಮೆಂಟಿನ ಮಾತು: 11 ತಿಂಗಳು, ಅಡ್ವಾನ್ಸು, ವರ್ಷಕ್ಕಿಷ್ಟು ಏರಿಕೆ. ‘ಈ ಸಲ ರಿನ್ಯೂ ಮಾಡಲ್ಲ’ ಎಂದರೆ ಮುಗಿಯಿತು.

ಇಷ್ಟರಲ್ಲಿ 2007ರ ಮಾಸ್ಟರ್ ಪ್ಲಾನ್, ವಸತಿ ಪ್ರದೇಶದ ಅಗಲ ರಸ್ತೆಗಳಲ್ಲಿ ವ್ಯಾಪಾರಕ್ಕೆ ದಾರಿ ತೆರೆಯಿತು. ಇಂದಿರಾನಗರದಲ್ಲಿ ಅದರ ಫಲ ಮೊದಲು ಕಂಡಿತು. 2011ರಲ್ಲಿ ಮೆಟ್ರೊ ಬಂದಿತು. ಮನೆಗಳು ಬುಟಿಕ್‌ಗಳಾದವು, ಬುಟಿಕ್‌ಗಳ ಜಾಗಕ್ಕೆ ಬ್ರ್ಯಾಂಡುಗಳು, ಪಬ್ಬುಗಳು ಬಂದವು, ನಿವಾಸಿಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಮಲ್ಲೇಶ್ವರಕ್ಕೆ 2010ರಲ್ಲಿ ಮಾಲ್ ಬಂತು, 2014ರಲ್ಲಿ ಮೆಟ್ರೊ.

ಮನೆಗಳು ಕೆಫೆಗಳಾದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮನೆಯೊಳಗಿನದು. ಅಜ್ಜ ಅಜ್ಜಿ ತೀರಿಕೊಂಡಿರುತ್ತಾರೆ, ಮಕ್ಕಳಲ್ಲಿ ಒಬ್ಬರು ಅಮೆರಿಕ, ಇನ್ನೊಬ್ಬರು ವೈಟ್‌ಫೀಲ್ಡ್. ಭಾಗ ಇತ್ಯರ್ಥವಾಗಿ ಬಿಲ್ಡರ್ ಜತೆ ಒಪ್ಪಂದ ಆಗುವ ತನಕ ಮನೆ ಬೀಗ ಹಾಕಿಕೊಂಡು ಇರುವುದಕ್ಕಿಂತ ಯಾರೋ ಹುಡುಗರು ಕಾಫಿ ಅಂಗಡಿ ಮಾಡಿಕೊಂಡು ಬಾಡಿಗೆ ಕೊಡುವುದು ವಾಸಿ. ಹಳೆಯ ಮನೆಯ ಅಂದಕ್ಕೆ ಗಿರಾಕಿಗಳೂ ಬರುತ್ತಾರೆ. ಆದರೆ ಒಪ್ಪಂದಕ್ಕೆ ಸಹಿ ಬಿದ್ದ ದಿನ, ಟೈಲರ್‌ಗೆ ಬಂದ ನೋಟಿಸೇ ಕೆಫೆಗೂ ಬರುತ್ತದೆ. ಒಳಾಂಗಣಕ್ಕೆ ಸುರಿದ ದುಡ್ಡು ಗೋಡೆಯ ಜತೆಗೇ ಹೋಗುತ್ತದೆ.

ಹೆಸರು, ಗಿರಾಕಿ ಎರಡೂ ಇದ್ದರೂ ಉಳಿವಿಗೆ ಗ್ಯಾರಂಟಿ ಇಲ್ಲ. 1954ರಿಂದ ನಡೆದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಇಡ್ಲಿಗೆ ಜನರ ಕೊರತೆಯೇನೂ ಇರಲಿಲ್ಲ.

2031ಕ್ಕೆಂದು 2017ರಲ್ಲಿ ಹೊಸ ಮಾಸ್ಟರ್ ಪ್ಲಾನಿನ ಕರಡು ಹೊರಬಂದಿತ್ತು, ಆಮೇಲೆ ಅದನ್ನು ಕೈಬಿಟ್ಟರು. ಯಾವ ರಸ್ತೆಯಲ್ಲಿ ಅಂಗಡಿ ಇಡಬಹುದು ಎಂಬುದಕ್ಕೆ ಇವತ್ತಿಗೂ 2007ರ ಪ್ಲಾನೇ ಆಧಾರ. ಇಟ್ಟ ಅಂಗಡಿ ಅಲ್ಲಿ ಎಷ್ಟು ವರ್ಷ ಇರಬಹುದು ಎಂಬುದು ಅದರ ವ್ಯಾಪ್ತಿಗೆ ಬರುವುದೇ ಇಲ್ಲ.